ವರ್ಷ ಆಮೇಲೆ, ಕಡವು ಮೊದಲು

ಪ್ರಶ್ನೆ: ನಾನು ಕಾಪುವಿನವಳು, ಪ್ರೈಮರಿ ಶಾಲೆಯಲ್ಲಿ ಟೀಚರ್. ಒಂದು ಐತಿಹಾಸಿಕ ಪ್ರೇಮ ಕಾದಂಬರಿ ಬರೆಯಬೇಕು ಅಂತ ಎರಡು ವರ್ಷದಿಂದ ಒದ್ದಾಡುತ್ತಿದ್ದೇನೆ. ನಾಯಕಿ ಒಂದು ಗುತ್ತಿನ ಮನೆಯ ಹುಡುಗಿ. ನಾಯಕ ಹಡಗಿನಲ್ಲಿ ಸರಕು ಸಾಗಿಸುವ ವ್ಯಾಪಾರಿ. ಇಷ್ಟು ಮಾತ್ರ ಗಟ್ಟಿ. ಯಾವ ಕಾಲ ಅಂತ ತೀರ್ಮಾನ ಆಗುತ್ತಿಲ್ಲ. ಉಳ್ಳಾಲದ ರಾಣಿ ಅಬ್ಬಕ್ಕನ ಕಾಲ ಇಟ್ಟುಕೋ, ರಾಜ ರಾಣಿ ಇದ್ದರೆ ಜನ ಓದುತ್ತಾರೆ ಅನ್ನುತ್ತಾರೆ ಗೆಳತಿಯರು. ನನಗೆ ಬ್ರಿಟಿಷರ ಕಾಲ ಇಷ್ಟ. ಜಾಗ ಮಂಗಳೂರು ಇಡಲೋ, ಉಡುಪಿ ಇಡಲೋ? ಇತಿಹಾಸ ತಪ್ಪಿ ಬರೆದುಬಿಟ್ಟರೆ ಅನ್ನುವ ಹೆದರಿಕೆ ಬೇರೆ.

ಉತ್ತರ: ನಮಸ್ಕಾರ ಟೀಚರ್. ನಿಮ್ಮ ಪತ್ರದಲ್ಲಿ ಎರಡು ಕಾಲ, ಎರಡು ಊರು ಇವೆ. ಒಂದು ವಿಷಯ ಮಾತ್ರ ಇಲ್ಲ. ಈ ಹುಡುಗಿಗೂ ಆ ಹುಡುಗನಿಗೂ ನಡುವೆ ಏನು ಅಡ್ಡ ಇದೆ? ಅದನ್ನು ನೀವು ಬರೆದೇ ಇಲ್ಲ.

ಇಬ್ಬರೂ ಮೆಚ್ಚಿದರು, ಮನೆಯವರು ಒಪ್ಪಿದರು, ಮದುವೆ ಆಯಿತು ಅಂದರೆ ಇಪ್ಪತ್ತು ಪುಟಕ್ಕೆ ಕಥೆ ಮುಗೀತು. ಮುನ್ನೂರು ಪುಟ ಅವರನ್ನು ದೂರ ಇಡೋದು ಏನು? ಅದು ಗೊತ್ತಾದರೆ ವರ್ಷ ತಾನಾಗಿ ಸಿಗುತ್ತದೆ. ಆ ಅಡ್ಡಿ ಯಾವಾಗ ಗಟ್ಟಿಯಾಗಿತ್ತು, ಯಾವಾಗ ಸ್ವಲ್ಪ ಸ್ವಲ್ಪ ಅಲ್ಲಾಡಲು ಶುರುವಾಯಿತು ಅಂತ ನೋಡಿ. ಅಲ್ಲಾಡಲು ಶುರುವಾದ ಹೊತ್ತೇ ಪ್ರೇಮ ಕಥೆಗೆ ಒಳ್ಳೆಯ ಹೊತ್ತು. ಪೂರ್ತಿ ಗಟ್ಟಿ ಇದ್ದಾಗ ಇಬ್ಬರಿಗೂ ಆಸೆಯೇ ಹುಟ್ಟುವುದಿಲ್ಲ. ಪೂರ್ತಿ ಬಿದ್ದುಹೋದ ಮೇಲೆ ಕಷ್ಟವೇ ಇಲ್ಲ.

ನಿಮ್ಮ ನಾಯಕಿಯಿಂದಲೇ ಶುರು ಮಾಡೋಣ. ಗುತ್ತಿನ ಮನೆ ಅಂದಿರಿ. ಅಂದರೆ ಜಮೀನುದಾರ ಬಂಟರ ಮನೆ ಅಂತ ಇಟ್ಟುಕೊಳ್ಳುತ್ತೇನೆ. ಅಲ್ಲಿಗೆ ಅಳಿಯಕಟ್ಟು, ಅಂದರೆ ಅಳಿಯಸಂತಾನ ಪದ್ಧತಿ, ಬಂತು. ಇಲ್ಲೇ ಹೊಸಬರು ಜಾಸ್ತಿ ಎಡವುವುದು. ಸಿನಿಮಾ ನೋಡಿ ನೋಡಿ ನಮ್ಮ ತಲೆಯಲ್ಲಿ ಒಬ್ಬ ಅಪ್ಪ ಕೂತುಬಿಟ್ಟಿದ್ದಾನೆ. ಮೀಸೆ ತಿರುವಿಕೊಂಡು “ಈ ಮದುವೆ ಆಗಕೂಡದು” ಅನ್ನುವ ಅಪ್ಪ. ಅಳಿಯಕಟ್ಟಿನ ಮನೆಯಲ್ಲಿ ಅವನಿಗೆ ಆ ಜಾಗ ಇಲ್ಲ ಟೀಚರ್. ಅವನು ಬೇರೆ ಮನೆಯವನು. ಮಕ್ಕಳು ತಾಯಿಯ ಮನೆಗೆ ಸೇರಿದವರು. ಯಜಮಾನಿಕೆ ಸೋದರಮಾವನದ್ದು. ಆಸ್ತಿ ಇಳಿಯುವುದು ಹೆಣ್ಣಿನ ಸಂತಾನದ ಕಡೆಯಿಂದ. ಹುಡುಗಿಗೆ ತವರಿನ ಜಾಗ ಯಾವತ್ತೂ ಇದೆ. ಗಂಡ ಸರಿಯಿಲ್ಲ ಅಂದರೆ ಬಿಟ್ಟು ಬರುವುದೂ ಕಷ್ಟ ಇರಲಿಲ್ಲ. ಹೀಗಿರುವಾಗ “ಮನೆ ಬಿಟ್ಟು ಓಡಿಹೋದಳು, ಬೀದಿಪಾಲಾದಳು” ಎಂದು ಬರೆದರೆ ಈ ಕಡೆಯ ಓದುಗರು ನಗುತ್ತಾರೆ.

ಹಾಗಾದರೆ ಅಡ್ಡಿ ಎಲ್ಲಿದೆ? ಗಂಡಸಿನ ಕಡೆ ನೋಡಿ. ಅಳಿಯಕಟ್ಟಿನ ಗಂಡಸು ದುಡಿಯುವುದು ಅಕ್ಕ ತಂಗಿಯರ ಮಕ್ಕಳಿಗೆ. ತನ್ನ ಹೆಂಡತಿ, ತನ್ನ ಮಕ್ಕಳು ಇನ್ನೊಂದು ಮನೆಯ ಲೆಕ್ಕ. ಅವನಿಗೆ ಹೆಂಡತಿಯ ಮೇಲೆ ನಿಜವಾಗಿ ಪ್ರೀತಿ ಬಂದರೆ ಏನಾಗುತ್ತದೆ? ಅವಳಿಗೊಂದು ಸ್ವಂತ ಮನೆ ಕಟ್ಟಿಕೊಡಬೇಕು ಅನ್ನಿಸಿದರೆ? ಅಲ್ಲಿ ಜಗಳ ಹೊತ್ತಿಕೊಳ್ಳುತ್ತದೆ. ಅದೂ ಪರರ ಜೊತೆ ಅಲ್ಲ, ಒಡಹುಟ್ಟಿದ ಅಕ್ಕನ ಜೊತೆ. ಇಪ್ಪತ್ತನೇ ಶತಮಾನದಲ್ಲಿ ಎಷ್ಟೋ ಮನೆಗಳಲ್ಲಿ ಇದೇ ನಡೆದದ್ದು. ಹುಡುಗರು ಮುಂಬೈಗೆ ಹೋಗಿ ಸ್ವಂತ ದುಡಿಯಲು ಶುರು ಮಾಡಿದ ಮೇಲೆ ಇದು ಇನ್ನೂ ಬಿಗಿಯಾಯಿತು. ಮದ್ರಾಸ್ ಸರಕಾರದ ಅಳಿಯಸಂತಾನ ಕಾಯ್ದೆ ಬಂದದ್ದು 1949ರಲ್ಲಿ. ಆಮೇಲೆ ಕವರು ಕವರಾಗಿ, ಅಂದರೆ ತಾಯಿಯ ಕಡೆಯ ಒಂದೊಂದು ಕವಲಾಗಿ, ಪಾಲು ಕೇಳಬಹುದಾಯಿತು. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ. ಹಾಗಾಗಿ 1930, 1940ರ ದಶಕ ಈ ಕಥೆಗೆ ಹೇಳಿ ಮಾಡಿಸಿದ ಕಾಲ. ನಿಮ್ಮ ನಾಯಕನೂ ಅಳಿಯಕಟ್ಟಿನವನೇ ಆಗಿದ್ದರೆ ನಾನು ಕಣ್ಣುಮುಚ್ಚಿ ಅಲ್ಲಿಗೇ ಕಳಿಸುತ್ತಿದ್ದೆ.

ನಾಯಕಿಯ ವಯಸ್ಸಿನ ಮಾತೂ ಇಲ್ಲಿಯೇ ಬಂತು. ನೂರು ವರ್ಷದ ಹಿಂದಿನ ಬ್ರಾಹ್ಮಣ ಮನೆಯಲ್ಲಿ ಇಪ್ಪತ್ತು ವರ್ಷದ, ಮದುವೆಯಾಗದ ಹುಡುಗಿಯನ್ನು ಕೂರಿಸಲು ಆಗುವುದಿಲ್ಲ. ಬಾಲ್ಯವಿವಾಹದ ಕಾಲ ಅದು. 1929ರ ಶಾರದಾ ಕಾಯ್ದೆ ಕೂಡ ಹುಡುಗಿಗೆ ಕೇಳಿದ್ದು ಹದಿನಾಲ್ಕು ವರ್ಷ ಮಾತ್ರ. ಅಂಥ ಮನೆಯನ್ನು ಆರಿಸಿದರೆ ನಾಯಕಿ ವಿಧವೆಯಾಗಿರಬೇಕಾಗುತ್ತದೆ, ಕಥೆಯೇ ಬೇರೆ ದಾರಿ ಹಿಡಿಯುತ್ತದೆ. ಗುತ್ತಿನ ಮನೆಯ ಹುಡುಗಿಗೆ ಈ ತೊಂದರೆ ಇಲ್ಲ. ನೀವು ಗೊತ್ತಿದ್ದೋ ಗೊತ್ತಿಲ್ಲದೆಯೋ ಒಳ್ಳೆಯ ಮನೆಯನ್ನೇ ಆರಿಸಿದ್ದೀರಿ.

ಈಗ ಗೆಳತಿಯರು ಹೇಳಿದ ಅಬ್ಬಕ್ಕ. ಬೇಡ ಅನ್ನುತ್ತೇನೆ. ರಾಣಿ ಒಳಗೆ ಬಂದ ಕೂಡಲೇ ಕಥೆ ಅವಳದಾಗುತ್ತದೆ. ನಿಮ್ಮ ಹುಡುಗಿ ಮೂಲೆಗೆ ಹೋಗುತ್ತಾಳೆ. ಇನ್ನೊಂದು ತೊಂದರೆಯೂ ಇದೆ. ನಾವು ರಾಣಿ ಅಂದರೆ ಸಿಂಹಾಸನ, ಕಿರೀಟ, ಪರದೆ ಅಂತ ಬರೆಯುತ್ತೇವೆ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಉಳ್ಳಾಲದ ರಾಣಿಯನ್ನು ಕಂಡದ್ದು ದಾರಿಯಲ್ಲಿ. ಅವಳು ಬರಿಗಾಲಲ್ಲಿ ನಡೆದು ಹೋಗುತ್ತಿದ್ದಳು, ನೀರಿನ ಕಾಲುವೆ ಕೆಲಸ ನೋಡಲಿಕ್ಕೆ. ನನಗೆ ಆ ರಾಣಿ ಯಾವ ಕಿರೀಟದ ರಾಣಿಗಿಂತಲೂ ಇಷ್ಟ. ಆದರೆ ಅವಳನ್ನು ಹಾಗೆ ಬರೆಯಲು ಧೈರ್ಯ ಬೇಕು. ಮೊದಲ ಕಾದಂಬರಿಗೆ ಅಷ್ಟು ಹೊರೆ ಯಾಕೆ?

ಟಿಪ್ಪುವಿನ ಕಾಲವನ್ನೂ ಸದ್ಯಕ್ಕೆ ಬಿಡಿ. 1784ರಲ್ಲಿ ಇಲ್ಲಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದದ್ದು, 1799ರವರೆಗೆ ಅವರು ಅಲ್ಲಿ ಇದ್ದದ್ದು ಇವತ್ತಿಗೂ ಮನೆಮನೆಯ ನೆನಪು. ಅದರ ಮುಂದೆ ಇಬ್ಬರ ಪ್ರೀತಿ ಸಣ್ಣದಾಗಿ ಕಾಣುವ ಅಪಾಯ ಇದೆ.

ತೀರಾ ಹಿಂದಕ್ಕೆ ಹೋಗುವ ಆಸೆ ಇದ್ದರೆ ಒಂದು ನಿಜ ಕಥೆಯನ್ನೇ ಹೇಳುತ್ತೇನೆ. ಟುನೀಶಿಯಾ ಕಡೆಯ ಅಬ್ರಹಾಂ ಬೆನ್ ಯಿಜು ಅನ್ನುವ ಯಹೂದಿ ವ್ಯಾಪಾರಿ ಮಂಗಳೂರಿಗೆ ಬಂದು ನೆಲೆಸಿದ್ದ. 1132ರಿಂದ 1149ರವರೆಗೆ, ಸುಮಾರು ಹದಿನೇಳು ವರ್ಷ. ಏಡನ್‌ನಿಂದ ಗೆಳೆಯರು ಹಳೆ ತಾಮ್ರ ಕಳಿಸುತ್ತಿದ್ದರು, ಇವನ ಕಾರ್ಖಾನೆಯಲ್ಲಿ ಅದನ್ನು ಕರಗಿಸಿ ಹೊಸ ಪಾತ್ರೆ ಮಾಡಿಸುತ್ತಿದ್ದ. ಇಲ್ಲಿಂದ ಮೆಣಸು, ಅಡಿಕೆ, ಕಬ್ಬಿಣ ಹೋಗುತ್ತಿತ್ತು. ಅವನ ಪರವಾಗಿ ಏಡನ್‌ಗೆ ಹೋಗಿ ಬರುತ್ತಿದ್ದ ಆಳಿನ ಹೆಸರು ಬೊಮ್ಮ. 1132ರ ಅಕ್ಟೋಬರಿನಲ್ಲಿ ಬೆನ್ ಯಿಜು ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ ಇದೆ. ಅವಳೇ ಅವನ ಹೆಂಡತಿಯಾದಳು, ಮಕ್ಕಳ ತಾಯಿಯಾದಳು ಅಂತ ವಿದ್ವಾಂಸರು ಹೇಳುತ್ತಾರೆ. ಈ ಕಾಗದಗಳೆಲ್ಲ ಕೈರೋದ ಒಂದು ಯಹೂದಿ ಪ್ರಾರ್ಥನಾ ಮಂದಿರದಲ್ಲಿ ರಾಶಿ ಬಿದ್ದಿದ್ದ ಹಳೆ ಪತ್ರಗಳ ನಡುವೆ ಸಿಕ್ಕಿದವು. ನೆನೆಸಿಕೊಂಡರೆ ಮೈ ಜುಂ ಅನ್ನುತ್ತದೆ, ಅಲ್ವಾ? ಆದರೆ ಒಡೆಯ ಮತ್ತು ದಾಸಿ. “ಪ್ರೀತಿ” ಅನ್ನುವ ಮಾತನ್ನು ಅಲ್ಲಿ ಸುಲಭವಾಗಿ ಹಾಕಲು ಬರುವುದಿಲ್ಲ. ಅವಳಿಗೆ ಒಲ್ಲೆ ಅನ್ನುವ ಅವಕಾಶ ಇತ್ತೇ? ಈ ಪ್ರಶ್ನೆಯನ್ನು ಎದುರಿಸಿ ಬರೆಯುವವರು ಬರೆಯಬೇಕು. ಅಡುಗೆಮನೆಯೂ ಕೈ ಕೊಡುತ್ತದೆ. ಅಲ್ಲಿ ಒಣಮೆಣಸು ಇಲ್ಲ, ಗೇರುಬೀಜ ಇಲ್ಲ, ಅನಾನಸು ಇಲ್ಲ, ಬಟಾಟೆ ಇಲ್ಲ. ಅವೆಲ್ಲ ಪೋರ್ಚುಗೀಸರು ಬಂದ ಮೇಲೆ ಬಂದವು. ಖಾರ ಅಂದರೆ ಹೆಚ್ಚಾಗಿ ಕಾಳುಮೆಣಸು. ಕೆಂಪು ಬಣ್ಣದ ಮೀನು ಸಾರು ಇಲ್ಲದ ಮಂಗಳೂರನ್ನು ನೀವು ಕಲ್ಪಿಸಬೇಕು.

ತಪ್ಪಿನ ಹೆದರಿಕೆ ಅಂದಿರಿ. ನನ್ನದೇ ಒಂದು ತಪ್ಪು ಹೇಳುತ್ತೇನೆ. ಮೊದಲ ನೀಳ್ಗತೆಯನ್ನು 1837ರಲ್ಲಿ ಇಟ್ಟಿದ್ದೆ. ಆ ವರ್ಷ ಸುಳ್ಯದ ಕಡೆಯಿಂದ ಬಂದ ರೈತರು ಮಂಗಳೂರು ಹಿಡಿದು, ಬಾವುಟಗುಡ್ಡೆಯಲ್ಲಿ ಬಾವುಟ ಏರಿಸಿ, ಹದಿಮೂರು ದಿನ ಆಳಿದರು. ಹದಿಮೂರು ದಿನ! ಬಿಗಿಯಾದ ಕಥೆಗೆ ಅದಕ್ಕಿಂತ ಬೇಕೇ? ಹುಡುಗ ದಂಗೆಯವರ ಜೊತೆ ಬಂದವನು, ಹುಡುಗಿ ಊರಿನವಳು. ರಾತ್ರಿ ಮಳೆ. ಹಂಚಿನ ಮೇಲೆ ಧೋ ಅಂತ ಸದ್ದು. ಆ ಸದ್ದಿನಲ್ಲಿ ಮಾವನ ಹೆಜ್ಜೆ ಇವರಿಗೆ ಕೇಳಿಸುವುದಿಲ್ಲ, ಸಿಕ್ಕಿಬೀಳುತ್ತಾರೆ. ಬರೆದು ಬಹಳ ಖುಷಿಪಟ್ಟಿದ್ದೆ.

ಅಚ್ಚಾದ ಮೇಲೆ ಒಂದು ಕಾರ್ಡು ಬಂತು. ಜೆಪ್ಪುವಿನ ಒಬ್ಬ ಹಿರಿಯರು, ಹಂಚಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಎರಡೇ ಸಾಲು. “ಬಾಸೆಲ್ ಮಿಶನ್ನಿನವರು ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದದ್ದು 1865ರಲ್ಲಿ. ನೀವು 1837ಕ್ಕೆ ಹಂಚು ಎಲ್ಲಿಂದ ತಂದಿರಿ?” ನನ್ನ ಹುಡುಗಿಯದು ಸಾಮಾನ್ಯರ ಮನೆ. ಅಂದರೆ ಮುಳಿಹುಲ್ಲಿನ ಮಾಡು. ಹುಲ್ಲಿನ ಮೇಲೆ ಮಳೆ ಮೆತ್ತಗೆ ಬೀಳುತ್ತದೆ. ಹೆಜ್ಜೆಯ ಸದ್ದು ಚೆನ್ನಾಗಿ ಕೇಳಿಸುತ್ತದೆ. ಮಾವ ಬರುವುದು ಅವರಿಗೆ ಗೊತ್ತಾಗಬೇಕಿತ್ತು. ಅಲ್ಲಿಗೆ ನನ್ನ ಇಡೀ ಪ್ರಕರಣ ಬಿದ್ದುಹೋಯಿತು. ಬರೀ ಒಂದು ಶಬ್ದ ತಪ್ಪಾದರೆ ತಿದ್ದಬಹುದು. ಕಥೆಯ ತಿರುವೇ ಆ ಹಂಚಿನ ಮೇಲೆ ನಿಂತಿತ್ತು. ಎಲ್ಲವನ್ನೂ ಸರಿ ಮಾಡಲು ಯಾರಿಂದಲೂ ಆಗುವುದಿಲ್ಲ ಟೀಚರ್. ಯಾವ ವಸ್ತುವಿನ ಮೇಲೆ ಕಥೆ ತಿರುಗುತ್ತದೋ ಅದನ್ನು ಮಾತ್ರ ಎರಡೆರಡು ಸಲ ನೋಡಿಕೊಳ್ಳಿ.

ಇನ್ನು ನಾಯಕ. ಹಡಗಿನವನು. ಇದು ನಿಮ್ಮ ಕೈಯಲ್ಲಿರುವ ಒಳ್ಳೆಯ ತುರುಪು. ಈ ಕರಾವಳಿಯಲ್ಲಿ ಕಡಲೇ ಪ್ರೇಮಿಗಳನ್ನು ಅಗಲಿಸುತ್ತದೆ, ಖಳನಾಯಕ ಬೇಕಿಲ್ಲ. ಮಳೆಗಾಲ ಶುರುವಾದರೆ ಮಂಜಿ, ಪತ್ತೇಮಾರಿ ಅನ್ನುವ ಹಾಯಿ ಹಡಗುಗಳು ದಡ ಸೇರಿದವು. ಮತ್ತೆ ನೀರಿಗೆ ಇಳಿಯುವುದು ಮಳೆ ಕಡಿಮೆಯಾದ ಮೇಲೆ. ಜೂನ್ ಹೊತ್ತಿಗೆ ಅವನು ಊರು ತಲುಪಲಿಲ್ಲ ಅಂದರೆ ಸೆಪ್ಟೆಂಬರ್ ತನಕ ಸುದ್ದಿಯಿಲ್ಲ. ತಲುಪಿದ ಅಂದರೆ ಮೂರು ತಿಂಗಳು ಇಲ್ಲೇ ಸಿಕ್ಕಿಬಿದ್ದ. ಎರಡೂ ಕಥೆಗೆ ಒಳ್ಳೆಯದೇ.

ಇದರ ಮೇಲೆ ತುಳುನಾಡಿನ ತಿಂಗಳುಗಳನ್ನು ಹಾಸಿ ನೋಡಿ. ಬೇಶ ತಿಂಗಳ ಹತ್ತಕ್ಕೆ ಪತ್ತನಾಜೆ, ಅಂದರೆ ಮೇ ಕೊನೆಯ ವಾರ. ಅಂದಿಗೆ ಯಕ್ಷಗಾನ ಮೇಳ ಗೆಜ್ಜೆ ಬಿಚ್ಚಿತು, ಕೋಲ ನೇಮ ನಿಂತವು. ಜನ ರಾತ್ರಿ ಒಟ್ಟು ಸೇರುವ ನೆಪವೇ ಹೋಯಿತು. ಅಲ್ಲಿಯವರೆಗೆ ಬಯಲಾಟದ ಗದ್ದೆಯ ಅಂಚಿನಲ್ಲಿ ಕಣ್ಣು ಕಣ್ಣು ಸೇರುತ್ತಿದ್ದವರು ಇನ್ನು ಎಲ್ಲಿ ಸಿಗಬೇಕು? ಆಮೇಲೆ ಆಟಿ, ಅಂದರೆ ಜುಲೈ ಆಗಸ್ಟ್ ಹೊತ್ತಿನ ತಿಂಗಳು. ಮದುವೆ ಮುಂಜಿ ಇಲ್ಲ. ಹೊಸದಾಗಿ ಮದುವೆಯಾದವಳು ಆಟಿ ಕೂರಲು ತವರಿಗೆ ಹೋಗುತ್ತಾಳೆ. ಆಟಿ ಅಮಾವಾಸ್ಯೆಯ ಬೆಳಿಗ್ಗೆ ಹಾಲೆ ಮರದ ತೊಗಟೆಯ ಕಹಿ ಕಷಾಯ. ನಾಯಕಿಯನ್ನು ಅಕ್ಕನ ಜೊತೆ ಅಂಗಳದಲ್ಲಿ ಕೂರಿಸಿ, ಕೈಗೆ ಆ ಲೋಟ ಕೊಡಿ. ಅಕ್ಕ ಆಟಿ ಮುಗಿದ ಮೇಲೆ ಹೋಗುತ್ತಾಳೆ, ಇವಳಿಗೆ ಹೋಗಲು ಮನೆ ಯಾವುದು ಅಂತಲೇ ಗೊತ್ತಿಲ್ಲ. ಒಂದು ಮಾತಿಲ್ಲದೆ ಅಧ್ಯಾಯ ಮುಗಿಸಬಹುದು.

ಈಗ ಜಾಗ. ಮಂಗಳೂರಾ, ಉಡುಪಿಯಾ ಅಂತ ಕೇಳಿದಿರಿ. ಮಂಗಳೂರಿನ ಗುಣ ಹೊರಗಿನವರು ಬರುವುದು. ಬಂದರು ಇದೆ, ಅಚ್ಚುಕೂಟ ಇದೆ, 1843ರಲ್ಲೇ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಹೊರಟಿದೆ, 1907ರಲ್ಲಿ ರೈಲು ಬಂದಿದೆ. ಒಂದೇ ಊರಿಗೆ ನಾಲ್ಕು ಹೆಸರು. ತುಳುವಿನವರಿಗೆ ಕುಡ್ಲ, ಕೊಂಕಣಿಯವರಿಗೆ ಕೊಡಿಯಾಲ, ಬ್ಯಾರಿ ಮುಸ್ಲಿಮರಿಗೆ ಮೈಕಾಲ, ಕನ್ನಡದಲ್ಲಿ ಮಂಗಳೂರು. ಪಾತ್ರ ಬಾಯಿ ತೆರೆದು ಊರಿನ ಹೆಸರು ಹೇಳಿದರೆ ಸಾಕು, ಯಾರ ಮನೆಯವನೆಂದು ಓದುಗರಿಗೆ ತಿಳಿಯುತ್ತದೆ. ಉಡುಪಿಯ ಗುಣ ಬೇರೆ. ಅಲ್ಲಿ ಕಾಲ ಸುತ್ತಿ ಬರುತ್ತದೆ. ಎರಡು ವರ್ಷಕ್ಕೊಮ್ಮೆ ಪರ್ಯಾಯ, ಅಂದರೆ ಕೃಷ್ಣನ ಪೂಜೆ ಒಂದು ಮಠದಿಂದ ಇನ್ನೊಂದು ಮಠಕ್ಕೆ ಹೋಗುವ ಹಬ್ಬ. ಹದಿನಾರು ವರ್ಷಕ್ಕೆ ಎಂಟು ಮಠದ ಒಂದು ಸುತ್ತು. ರೈಲು ಉಡುಪಿಗೆ ಬಂದದ್ದು ಕೊಂಕಣ ರೈಲ್ವೆಯ ಜೊತೆ, 1990ರ ದಶಕದಲ್ಲಿ. ಇಪ್ಪತ್ತನೇ ಶತಮಾನದ ಯಾವುದೋ ವರ್ಷದಲ್ಲಿ ನಾಯಕಿಯನ್ನು ಉಡುಪಿ ಸ್ಟೇಶನ್ನಿನಲ್ಲಿ ಅಳಿಸುವ ಮೊದಲು ಇದು ನೆನಪಿರಲಿ. ಇಂಥ ಕಥೆಯೊಂದರ ಹಸ್ತಪ್ರತಿ ನನ್ನ ಮೇಜಿಗೇ ಬಂದಿತ್ತು. 1940ರ ಕಥೆ, ಇಂಜಿನ್ ಹೊಗೆ ಸಮೇತ.

ನನ್ನನ್ನು ಕೇಳಿದರೆ ಎರಡೂ ಬೇಡ. ನೀವು ಕಾಪುವಿನಲ್ಲೇ ಇದ್ದೀರಿ. ಮನೆ ಮುಂದೆಯೇ ಹಡಗಿಗೆ ದಾರಿ ತೋರುವ ದೀಪಸ್ತಂಭ ಇದೆ. ಕಟ್ಟಿದ್ದು 1901ರಲ್ಲಿ. ಈಗ ನಿಮ್ಮ ಇಬ್ಬರನ್ನು ಆ ವರ್ಷಕ್ಕೆ ತಂದು ನಿಲ್ಲಿಸಿ ನೋಡಿ.

ಹುಡುಗ ಕಡಲಿನವನು. ಅವನು ಈ ದಡವನ್ನು ಕತ್ತಲಲ್ಲಿ ಎಷ್ಟೋ ಸಲ ದಾಟಿ ಹೋಗಿದ್ದಾನೆ. ಒಂದು ರಾತ್ರಿ ಅಲ್ಲಿ ಬೆಳಕು. ಹುಡುಗಿಯ ಊರು ಎಲ್ಲಿದೆ ಅಂತ ಮೊದಲ ಸಲ ಕಡಲಿನಿಂದಲೇ ಗೊತ್ತಾಗುತ್ತದೆ. ಅವಳಿಗೋ, ಮೊದಲ ಸಲ, ತಾನು ಕಾಣುವ ಬೆಳಕನ್ನೇ ಅವನೂ ಕಾಣುತ್ತಿರಬಹುದು ಅನ್ನುವ ಯೋಚನೆ. ಇದನ್ನು ನೀವು ಸುಮ್ನೆ ಕೂತು ಕಲ್ಪಿಸಬೇಕಿಲ್ಲ, ಸಂಜೆ ಬಂಡೆ ಹತ್ತಿದರೆ ಸಾಕು.

ಅಡ್ಡಿಗಳೂ ಅಲ್ಲೇ ಸಿಗುತ್ತವೆ. ಮುಂಬೈಯಲ್ಲಿ 1896ರಲ್ಲಿ ಪ್ಲೇಗ್ ಶುರುವಾಯಿತು. ಆಮೇಲಿನ ವರ್ಷಗಳಲ್ಲಿ ಆ ಕಡೆಯಿಂದ ಸ್ಟೀಮರಿನಲ್ಲಿ, ಹಿರಿಯರ ಬಾಯಲ್ಲಿ ಆಗಬೋಟಿನಲ್ಲಿ, ಬಂದವರನ್ನು ತಪಾಸಣೆ ಮಾಡುತ್ತಿದ್ದರು. ಊರಿನವರು ದೂರದಿಂದಲೇ ನೋಡುತ್ತಿದ್ದರು. ನಿಮ್ಮ ವ್ಯಾಪಾರಿ ಹಂಚು, ಅಕ್ಕಿ ತುಂಬಿಕೊಂಡು ಮುಂಬೈಗೆ ಹೋಗಿ ಬಂದವನು. ಗುತ್ತಿನ ಮನೆಯ ಚಾವಡಿ ಹತ್ತಿಸುತ್ತಾರಾ? ಜಗಲಿಯ ಕೆಳಗೆ ನಿಲ್ಲಿಸಿ ಬೆಲ್ಲ ನೀರು ಕೊಟ್ಟಾರು. ಕಾಫಿ ಬೇಡ, ಬೆಲ್ಲ ನೀರೇ ಇರಲಿ. ಯಾರು ತಂದು ಕೊಟ್ಟರು, ಚೊಂಬನ್ನು ಕೈಗೆ ಕೊಟ್ಟರೋ ನೆಲದಲ್ಲಿ ಇಟ್ಟರೋ, ಆಮೇಲೆ ಅದನ್ನು ಎಲ್ಲಿ ತೊಳೆದರು, ಈ ಮೂರರಲ್ಲೇ ಇಬ್ಬರ ನಡುವಿನ ದೂರ ಗೊತ್ತಾಗುತ್ತದೆ.

ಪ್ರಯಾಣ ನೋಡಿ. ಕಾಪುವಿನಿಂದ ಉಡುಪಿಗೆ ಹೋಗಲು ಉದ್ಯಾವರದ ಹೊಳೆ. ಮಂಗಳೂರಿಗೆ ಹೋಗಲು ಮೂಲ್ಕಿ, ಪಾವಂಜೆ, ಕೂಳೂರು. ಇವತ್ತು ಬಸ್ಸಿನಲ್ಲಿ ಮೊಬೈಲ್ ನೋಡುತ್ತಾ ದಾಟುವ ಹೊಳೆಗಳು. ಈ ಹಾದಿಯ ದೊಡ್ಡ ಸೇತುವೆಗಳಲ್ಲಿ ಹೆಚ್ಚಿನವು ಸ್ವಾತಂತ್ರ್ಯದ ನಂತರದವು. ನಿಮ್ಮ ವರ್ಷಕ್ಕೆ ಯಾವ ಹೊಳೆಗೆ ಏನಿತ್ತು ಅಂತ ಒಂದೊಂದಾಗಿ ನೋಡಿಕೊಳ್ಳಿ. ಕಡವು, ಅಂದರೆ ದೋಣಿಯಲ್ಲಿ ಹೊಳೆ ದಾಟುವ ಜಾಗ, ಬರೀ ದೋಣಿ ಅಲ್ಲ. ದೋಣಿ ಬರುವ ತನಕ ಎಲ್ಲರೂ ಒಂದೇ ದಡದಲ್ಲಿ ನಿಲ್ಲಬೇಕು. ಗುತ್ತಿನವರು, ಒಕ್ಕಲಿನವರು, ಮೀನು ಬುಟ್ಟಿಯವರು, ಬ್ಯಾರಿ ವ್ಯಾಪಾರಿ, ಪಾದ್ರಿ. ಬೇರೆಲ್ಲೂ ಹತ್ತಿರ ನಿಲ್ಲದವರು ಅಲ್ಲಿ ನಿಲ್ಲುತ್ತಾರೆ. ಆದರೂ ಯಾರು ಎಷ್ಟು ದೂರ ಅನ್ನುವ ಲೆಕ್ಕ ಅಲ್ಲಿಯೂ ಇತ್ತು, ಅದನ್ನು ಮುಚ್ಚಿಡಬೇಡಿ. ದೋಣಿಯವನು ಕಂಡದ್ದನ್ನು ಮುಂದಿನ ದಡದಲ್ಲಿ ಹೇಳುತ್ತಾನೆ ಅನ್ನುವುದನ್ನೂ ಮರೆಯಬೇಡಿ. ನಾನಾದರೆ ಮೊದಲ ಅಧ್ಯಾಯವನ್ನು ಕಡವಿನಲ್ಲೇ ಶುರು ಮಾಡುತ್ತೇನೆ.

ಕಾಗದದ ವಿಷಯಕ್ಕೆ ಬನ್ನಿ. ನನಗೆ ಎಲ್ಲಕ್ಕಿಂತ ರುಚಿ ಕಂಡದ್ದು ಇದು. ಅಂಚೆ ಕಾರ್ಡು 1879ರಲ್ಲೇ ಬಂದಿದೆ, ಕಾಲಾಣೆಗೆ ಒಂದು. ಕಾಲಾಣೆ ಅಂದರೆ ಮೂರು ಪೈ, ಒಂದು ರೂಪಾಯಿಗೆ ಹದಿನಾರಾಣೆ, ಅಂದರೆ 192 ಪೈ. ಹುಡುಗ ಬಂದರಿನಿಂದ ಕಾರ್ಡು ಹಾಕಬಹುದು. ಆದರೆ ಕಾರ್ಡನ್ನು ಇಡೀ ಊರು ಓದುತ್ತದೆ. ಅದೂ ಅಲ್ಲದೆ ನಾಯಕಿಗೆ ಓದಲು ಬರುತ್ತದಾ? 1901ರ ಜನಗಣತಿ ಪ್ರಕಾರ ದೇಶದಲ್ಲಿ ಓದು ಬರಹ ಬಲ್ಲ ಹೆಂಗಸರು ನೂರಕ್ಕೆ ಒಬ್ಬರೂ ಇಲ್ಲ. ಹಾಗಾಗಿ ಅವಳಿಗೆ ಬಂದ ಕಾಗದವನ್ನು ಇನ್ನೊಬ್ಬರು ಓದಿ ಹೇಳಬೇಕು. ಶಾಲೆಗೆ ಹೋಗುವ ತಮ್ಮನಾ? ಲೆಕ್ಕ ಬರೆಯಲು ಬರುವ ಶಾನುಭೋಗರಾ? ಹಾಗಾದರೆ ಹುಡುಗ ಕಾರ್ಡಿನಲ್ಲಿ ಏನು ಬರೆಯಬಹುದು? ಅಕ್ಕಿಯ ದರ, ಗಾಳಿಯ ದಿಕ್ಕು, “ಉಭಯ ಕುಶಲೋಪರಿ ಸಾಂಪ್ರತ”. ಅಷ್ಟರಲ್ಲೇ ಅವಳು ಅರ್ಥ ಮಾಡಿಕೊಳ್ಳಬೇಕು. ಮುಡಿಗೆ, ಅಂದರೆ ಅಕ್ಕಿಯ ಹುಲ್ಲುಮೂಟೆಗೆ, ಇಷ್ಟು ರೂಪಾಯಿ ಅನ್ನುವ ಸಾಲಿನಲ್ಲಿ ತಾನು ಬರುವ ದಿನ ಅಡಗಿಸಿಟ್ಟಿದ್ದಾನೆ ಅಂದುಕೊಳ್ಳಿ. ಒಂದು ಮುಡಿಗೆ ನಲವತ್ತೆರಡು ಸೇರು. ಲೆಕ್ಕ ತಪ್ಪಾಗಿದೆಯಲ್ಲ ಅಂತ ಮಾವನಿಗೆ ಅನುಮಾನ ಬಂದರೆ?

ಇನ್ನೊಂದು ಸಂಗತಿ. ನಾಯಕಿ ಮಾತಾಡುವುದು ತುಳುವಿನಲ್ಲಿ. ಕಾಗದ ಬರೆಯುವುದು ಕನ್ನಡದಲ್ಲಿ. ನಾವೆಲ್ಲ ಇವತ್ತಿಗೂ ಹಾಗೇ ತಾನೆ? ಬಾಯಲ್ಲಿ ಒಂದು ಭಾಷೆ, ಕೈಯಲ್ಲಿ ಇನ್ನೊಂದು. ತುಳುವಿನಲ್ಲಿ ನೇರವಾಗಿ ಜಗಳ ಆಡುವ ಹುಡುಗ ಕನ್ನಡ ಬರೆದಾಗ ಸಭ್ಯನಾಗಿಬಿಡುತ್ತಾನೆ. ಅವಳಿಗೆ ಅದು ಸ್ವಲ್ಪ ನಗು, ಸ್ವಲ್ಪ ದೂರ ಅನ್ನಿಸಬಹುದು. ಸಂಭಾಷಣೆಯನ್ನು ಪೂರ್ತಿ ತುಳುವಿನಲ್ಲಿ ಬರೆದು ಕೆಳಗೆ ಅರ್ಥ ಕೊಡಲು ಹೋಗಬೇಡಿ, ಧಾರವಾಡದ ಓದುಗರು ಪುಸ್ತಕ ಮುಚ್ಚುತ್ತಾರೆ. ಮಾತನ್ನು ಚಿಕ್ಕದಾಗಿ, ಬಿರುಸಾಗಿ ಇಡಿ. ಕಾಗದವನ್ನು ಉದ್ದವಾಗಿ, ಮಡಿಯಾಗಿ ಇಡಿ. ಎರಡು ಭಾಷೆ ಅಂತ ಓದುಗರಿಗೆ ತಾನಾಗಿ ಗೊತ್ತಾಗುತ್ತದೆ.

ಕಥೆಗೆ ಶುರು ಮತ್ತು ಕೊನೆ ಬೇಕಲ್ಲ. 1900ರಲ್ಲಿ ಒಂದು ಪರ್ಯಾಯ, 1902ರಲ್ಲಿ ಇನ್ನೊಂದು. ಮೊದಲನೆಯದರ ಜನಜಂಗುಳಿಯಲ್ಲಿ, ರಥಬೀದಿಯಲ್ಲಿ, ನೋಡಿಕೊಳ್ಳುತ್ತಾರೆ. ಎರಡನೆಯದಕ್ಕೆ ಒಂದು ಮಾತು ಕೊಟ್ಟಿರುತ್ತಾರೆ. ನಡುವೆ ಎರಡು ಮಳೆಗಾಲ, ಒಂದು ದೀಪಸ್ತಂಭ. ಕ್ಯಾಲೆಂಡರೇ ನಿಮಗೆ ಕಥೆ ಕಟ್ಟಿಕೊಡುತ್ತದೆ. ಈಗ ಜನವರಿ 18 ಅಂತ ನಮಗೆ ಬಾಯಿಪಾಠ. ಆ ವರ್ಷ ಯಾವ ದಿನ ಎಂದು ಹಳೆಯ ಪಂಚಾಂಗದಲ್ಲಿ ನೋಡಿಕೊಂಡೇ ಬರೆಯಿರಿ. ಬೆಳದಿಂಗಳ ದೃಶ್ಯ ಬರೆಯುವ ಮುಂಚೆ ತಿಥಿಯನ್ನೂ ನೋಡಿ. ಅಮಾವಾಸ್ಯೆಯ ಆಸುಪಾಸಿನಲ್ಲಿ ಬೆಳದಿಂಗಳು ಸುರಿಸಿದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ.

ಓದಲು ಜಾಸ್ತಿ ಬೇಡ. ಸ್ಟರಾಕ್ ಬರೆದು ಸ್ಟುವರ್ಟ್ ಮುಗಿಸಿದ ಸೌತ್ ಕೆನರಾ ಮ್ಯಾನ್ಯುಯಲ್ ಎರಡು ಸಂಪುಟ, 1894 ಮತ್ತು 1895ರಲ್ಲಿ ಬಂದದ್ದು. ನಿಮ್ಮ ಕಥೆಗಿಂತ ಆರೇಳು ವರ್ಷ ಹಿಂದಿನ ಜಿಲ್ಲೆ ಅದರಲ್ಲಿ ಸಿಗುತ್ತದೆ. ಸಾಹೇಬರ ಕಣ್ಣು, ಹಾಗಾಗಿ ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಿ. ಉಡುಪಿಯ ಎಂಜಿಎಂ ಕಾಲೇಜಿನ ಆವರಣದ ಗೋವಿಂದ ಪೈ ಸಂಶೋಧನ ಕೇಂದ್ರಕ್ಕೆ ಒಂದು ಶನಿವಾರ ಹೋಗಿ ಬನ್ನಿ. ಮಿಶನ್ನಿನವರ ಕಾಗದಪತ್ರ ಬೇಕಿದ್ದರೆ ಮಂಗಳೂರಿನ ಬಲ್ಮಠದ ಥಿಯಾಲಜಿಕಲ್ ಕಾಲೇಜಿನಲ್ಲಿವೆ. ಅದಕ್ಕಿಂತ ಮೊದಲು ನಿಮ್ಮ ಅಜ್ಜಿಯ ಕಲೆಂಬಿ, ಅಂದರೆ ಮರದ ಪೆಟ್ಟಿಗೆ, ತೆಗೆದು ನೋಡಿ. ಗೇಣಿ ಚೀಟಿ, ಹಳೆ ಕಾರ್ಡು, ಅಡವಿಟ್ಟ ಒಡವೆಯ ಪಟ್ಟಿ, ಏನಾದರೂ ಇದ್ದೇ ಇರುತ್ತದೆ. ಆರು ತಿಂಗಳು ಓದಿ ಬರೆಯಲು ಕೂರಿ. ಉಳಿದದ್ದನ್ನು ಬರೆಯುತ್ತಾ ಹುಡುಕಿ. ಹತ್ತು ವರ್ಷ ಓದಿ ಒಂದು ಪುಟವನ್ನೂ ಬರೆಯದ ಗೆಳೆಯರು ನನಗಿದ್ದಾರೆ, ಪಾಪ.

ರಾಜ ರಾಣಿ ಇಲ್ಲದಿದ್ದರೆ ಯಾರು ಓದುತ್ತಾರೆ ಅಂತ ಗೆಳತಿಯರು ಮತ್ತೆ ಕೇಳಿದರೆ, ಆ ಚೊಂಬಿನ ಪ್ರಸಂಗವನ್ನು ಬರೆದು ಅವರಿಗೇ ಓದಲು ಕೊಡಿ.

ಕೊನೆಗೆ ನಾನೇ ನಿಮಗೆ ಒಂದು ಪ್ರಶ್ನೆ ಕೇಳಬೇಕು. ನಾಯಕ ವ್ಯಾಪಾರಿ ಅಂದಿರಿ, ಯಾವ ಮನೆಯವನು ಅಂತ ಬರೆದಿಲ್ಲ. ಕೊಂಕಣಿ ಮಾತಾಡುವವನಾ, ಬ್ಯಾರಿಯಾ, ಮೊಗವೀರನಾ, ಮಿಶನ್ನಿಗೆ ಸೇರಿದ ಕುಟುಂಬದವನಾ? ಅವನು ಅವಳ ಊರನ್ನು ಯಾವ ಹೆಸರಿಂದ ಕರೆಯುತ್ತಾನೆ, ಅವಳ ಮನೆಯಲ್ಲಿ ಎಲ್ಲಿಯವರೆಗೆ ಬರಬಹುದು, ಅವಳ ಕೈಯ ನೀರು ಕುಡಿಯುತ್ತಾನಾ, ಎಲ್ಲ ಅದರ ಮೇಲೆ ನಿಂತಿದೆ. ಅದೊಂದು ಸಾಲು ಬರೆದು ಕಳಿಸಿ. ಉದ್ಯಾವರದ ಕಡವಿನಲ್ಲಿ ಅವನನ್ನು ಅವಳ ಎಷ್ಟು ಹತ್ತಿರ ನಿಲ್ಲಿಸಬಹುದು ಅಂತ ಆಮೇಲೆ ಮಾತಾಡೋಣ.